ಹೊರನಾಡಿನಲ್ಲಿ ಬೆಳಕು ಕಂಡ ಕನ್ನಡ ಹೊತ್ತಗೆಗಳು

ಹಳಗನ್ನಡ ಸಾಹಿತ್ಯವೆಂದೊಡನೆ ನಮ್ಮವರ ನೆನಪಿಗೆ ಬರುವವರು ಪಂಪ, ರನ್ನ, ಜನ್ನ ಮೊದಲಾದ ಮಹಾಕವಿಗಳು. ಅದು ಸಹಜವೇ. ಆದರೆ ಹೊರನಾಡಿನಲ್ಲಿ ಬೆಳೆಯುತ್ತಿರುವ ನಮ್ಮ ಮಕ್ಕಳಿಗೆ ಇದರಿಂದ ಒಂದು ತಪ್ಪು ಅಭಿಪ್ರಾಯ ಬೇರೂರಿಬಿಟ್ಟಿದೆ. ಕನ್ನಡವೆಂದರೆ ಹಾಡು, ಕಥೆ, ಹಬ್ಬದ ದಿನದ ನಾಟಕ. ಲೆಕ್ಕ, ವೈದ್ಯ, ಬೇಸಾಯ ಇವೆಲ್ಲ ಇಂಗ್ಲಿಷಿನ ಸೊತ್ತು ಎಂದು ಅವರು ತಿಳಿದಿದ್ದಾರೆ. ಅವರನ್ನು ದೂರಿ ಫಲವಿಲ್ಲ. ನಾವು ಅವರ ಕೈಗೆ ಕೊಟ್ಟ ಪುಸ್ತಕಗಳಲ್ಲಿ ಬೇರೇನೂ ಇರಲಿಲ್ಲ. ಬಾವಿಗೆ ಜಾಗ ಹುಡುಕುವುದು, ದನದ ರೋಗ, ಹಾವಿನ ವಿಷ, ಮಳೆಯ ಲಕ್ಷಣ, ಬದನೆಕಾಯಿಯ ಪಲ್ಯ, ವ್ಯಾಪಾರದ ಲೆಕ್ಕ ಇವುಗಳನ್ನು ಕುರಿತು ಕನ್ನಡದಲ್ಲಿ ಐನೂರು, ಸಾವಿರ ವರ್ಷಗಳ ಹಿಂದೆಯೇ ಗ್ರಂಥಗಳಾಗಿದ್ದವು ಎಂದರೆ ದೊಡ್ಡವರೂ ಹುಬ್ಬೇರಿಸುತ್ತಾರೆ. ಅಂಥ ಗ್ರಂಥಗಳು ಮತ್ತೆ ಹೇಗೆ ಬೆಳಕಿಗೆ ಬಂದವು, ಅವುಗಳಲ್ಲಿ ಕೆಲವು ಕನ್ನಡನಾಡಿನ ಗಡಿಯಾಚೆಗೆ, ನಾವೇ ಈಗ ನೆಲಸಿರುವ ಊರುಗಳಲ್ಲಿ ಹೇಗೆ ಕಣ್ತೆರೆದವು ಎಂಬುದನ್ನು ಇಲ್ಲಿ ಕೊಂಚ ಹೇಳಬೇಕೆಂದಿದ್ದೇನೆ.

ಮೊದಲು ಓಲೆಯ ಮಾತು. ಹದಮಾಡಿದ ತಾಳೆಗರಿಯ ಮೇಲೆ ಕಬ್ಬಿಣದ ಕಂಟದಿಂದ ಕೊರೆದು, ಮಸಿ ಸವರಿ ಒರಸಿದರೆ ಅಕ್ಷರಗಳು ಕಪ್ಪಾಗಿ ಎದ್ದು ನಿಲ್ಲುತ್ತವೆ. ಗರಿಗಳಿಗೆ ತೂತು ಕೊರೆದು ದಾರ ಪೋಣಿಸಿ, ಮೇಲೆ ಕೆಳಗೆ ಮರದ ಹಲಗೆಯಿಟ್ಟು ಬಿಗಿದರೆ ಒಂದು ಕಟ್ಟಾಯಿತು. ಇಂದಿನ ಪುಸ್ತಕದಂತೆ ಒಂದು ಕಟ್ಟಿನಲ್ಲಿ ಒಂದೇ ಗ್ರಂಥವಿರಬೇಕೆಂಬ ನಿಯಮವೇನೂ ಇರಲಿಲ್ಲ. ಮನೆಯ ಯಜಮಾನನಿಗೆ ಯಾವುದು ಬೇಕೋ ಅದನ್ನು ಪ್ರತಿಮಾಡಿಸುತ್ತಿದ್ದರು. ಹೀಗಾಗಿ ಪುರಾಣದ ಹಿಂದೆ ಕಷಾಯದ ವಿಧಿ, ಅದರ ಹಿಂದೆ ಜಾತಕದ ಸೂತ್ರ, ಕೊನೆಗೆ ಯಾರಿಗೋ ಕೊಟ್ಟ ಸಾಲದ ಲೆಕ್ಕ, ಎಲ್ಲವೂ ಒಂದೇ ದಾರಕ್ಕೆ ಸೇರಿರುವುದುಂಟು. ಗರಿಗೆ ಹುಳು ಹಿಡಿಯುವ ಮೊದಲು ಮತ್ತೊಬ್ಬರು ಪ್ರತಿಮಾಡಿದರೆ ಗ್ರಂಥ ಉಳಿಯಿತು, ಇಲ್ಲವಾದರೆ ಹೋಯಿತು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಹಂಚಿದ ಅತ್ತಿಮಬ್ಬೆಯ ಕೀರ್ತಿಯನ್ನು ನಾವೆಲ್ಲ ಬಲ್ಲೆವು. ದನದ ವೈದ್ಯದ ಗ್ರಂಥಕ್ಕೆ ಅಂಥ ಪುಣ್ಯವಂತೆ ಯಾರು ಸಿಕ್ಕಾರು? ಅದು ಉಳಿದರೆ ಯಾರಾದರೊಬ್ಬ ವೈದ್ಯನ ಮನೆಯಲ್ಲಿ, ಅವನ ಬಳಕೆಯ ಬಲದಿಂದ ಉಳಿಯಬೇಕು.

ಇಂಥ ಕಟ್ಟುಗಳನ್ನು ಮೊತ್ತಮೊದಲು ದೊಡ್ಡ ಪ್ರಮಾಣದಲ್ಲಿ ಒಟ್ಟುಗೂಡಿಸಿದವನು ಕನ್ನಡ ಬಾರದ ಒಬ್ಬ ಮೋಜಣಿದಾರ. ಸ್ಕಾಟ್ಲೆಂಡಿನ ದ್ವೀಪವೊಂದರಲ್ಲಿ ಹುಟ್ಟಿದ ಕಾಲಿನ್ ಮ್ಯಾಕೆಂಜಿ 1783ರಲ್ಲಿ ಭಾರತಕ್ಕೆ ಬಂದ. ಲಾಗರಿದಮ್ ಕಂಡುಹಿಡಿದ ಜಾನ್ ನೇಪಿಯರನ ಜೀವನಚರಿತ್ರೆಗಾಗಿ ಹಿಂದೂಗಳ ಗಣಿತವನ್ನು ಕುರಿತು ಸಾಮಗ್ರಿ ಹುಡುಕಬೇಕೆಂಬುದು ಅವನ ಮೊದಲ ಆಸಕ್ತಿಯಾಗಿದ್ದಿತೆಂದು ಅವನನ್ನು ಬಲ್ಲವರು ಬರೆದಿಟ್ಟಿದ್ದಾರೆ. ಗಣಿತ ಹುಡುಕ ಹೊರಟವನು ಕಡೆಗೆ ಕೈಗೆ ಸಿಕ್ಕಿದ್ದನ್ನೆಲ್ಲ ಕೂಡಿಹಾಕಿದ. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಮೈಸೂರು ಸೀಮೆಯ ಮೋಜಣಿ ಅವನ ಪಾಲಿಗೆ ಬಂದಿತು. ಸರಪಳಿ ಎಳೆದು ನೆಲ ಅಳೆಯುವವರ ಜೊತೆಯಲ್ಲಿ ಅವನ ಪಂಡಿತರೂ ಊರೂರು ಸುತ್ತಿದರು. ಏಲೂರಿನ ಕಾವಲಿ ವೆಂಕಟ ಬೊರಯ್ಯ ಅವರಲ್ಲಿ ಮುಖ್ಯನಾಗಿದ್ದ. ಅವನು 1803ರಲ್ಲಿ ತೀರಿಕೊಂಡ ಬಳಿಕ ತಮ್ಮ ಲಕ್ಷ್ಮಯ್ಯ ಆ ಕೆಲಸವನ್ನು ಮುಂದುವರಿಸಿದ. ತನಗೆ ದೇಶಭಾಷೆಗಳು ಬಾರವೆಂದು ಮ್ಯಾಕೆಂಜಿಯೇ ಒಪ್ಪಿಕೊಂಡಿದ್ದಾನೆ. ಹಾಗಾದರೆ ಸಂಗ್ರಹದ ನಿಜವಾದ ಶ್ರಮ ಯಾರದೆಂದು ಬೇರೆ ಹೇಳಬೇಕಾಗಿಲ್ಲ.

ಅಳತೆಗೋಲು ಹಿಡಿದು ಬಂದ ಸರಕಾರದವರಿಗೆ ಊರ ಹಳೆಯ ಕಡತ ತೋರಿಸಲು ಜನ ಹೆದರಿದ್ದರೆ ಆಶ್ಚರ್ಯವಿಲ್ಲ, ಕಂದಾಯ ಏರಬಹುದಲ್ಲ! ಆದರೂ ಶಾನುಭೋಗರು, ಮಠದವರು, ಬಸದಿಯ ಉಪಾಧ್ಯಾಯರು ಕೈಫಿಯತ್ತುಗಳನ್ನು ಬರೆದುಕೊಟ್ಟರು, ಓಲೆಗಳನ್ನು ಕೊಟ್ಟರು. ಕನಕಗಿರಿಯ ಜೈನ ವಿದ್ವಾಂಸ ದೇವಚಂದ್ರನಿಗೆ ‘ರಾಜಾವಳೀಕಥೆ’ ಬರೆಯಲು ಈ ಮೋಜಣಿಯವರ ಸಹವಾಸವೇ ಪ್ರೇರಣೆಯಾಯಿತು. ಮ್ಯಾಕೆಂಜಿ 1815ರಲ್ಲಿ ಭಾರತದ ಮೊದಲ ಸರ್ವೇಯರ್ ಜನರಲ್ ಆಗಿ, 1821ರಲ್ಲಿ ಕಲ್ಕತ್ತೆಯಲ್ಲಿ ಸತ್ತಾಗ ಅವನ ಬಳಿ 1568 ಗ್ರಂಥಗಳ ಹಸ್ತಪ್ರತಿಗಳೂ 8076 ಶಾಸನಗಳ ಪ್ರತಿಗಳೂ 6218 ನಾಣ್ಯಗಳೂ ಇದ್ದವು. ಅವನ ವಿಧವೆಯಿಂದ ಕಂಪನಿ ಸರಕಾರ ಎಲ್ಲವನ್ನೂ ಕೊಂಡುಕೊಂಡಿತು. ವಿಲ್ಸನ್ ಎಂಬ ಸಂಸ್ಕೃತ ವಿದ್ವಾಂಸ 1828ರಲ್ಲಿ ಅದಕ್ಕೊಂದು ಪಟ್ಟಿ ಮಾಡಿದ. ಕೆಲವು ಭಾಗ ಲಂಡನ್ನಿಗೆ ಹೋಯಿತು. ದಕ್ಷಿಣದ ಭಾಷೆಗಳ ದೊಡ್ಡ ಪಾಲು ಮದರಾಸಿಗೆ ಮರಳಿತು. ಹೀಗೆ ಮೈಸೂರು ಸೀಮೆಯ ಅಟ್ಟಗಳಿಂದ ಇಳಿದ ಕಟ್ಟುಗಳು ಕಲ್ಕತ್ತೆಯನ್ನು ಸುತ್ತಿಕೊಂಡು ಬಂದು ಚೆನ್ನೈಯಲ್ಲಿ ನೆಲಸಿದವು. ನಾವು ಕೆಲಸ ಹುಡುಕಿಕೊಂಡು ಇಲ್ಲಿಗೆ ಬರುವುದಕ್ಕೆ ಎಷ್ಟೋ ಮೊದಲೇ ಕನ್ನಡದ ಗ್ರಂಥಗಳು ಇಲ್ಲಿಗೆ ವಲಸೆ ಬಂದಿದ್ದವು.

1869ರಲ್ಲಿ ಸ್ಥಾಪನೆಯಾದ ಮದರಾಸಿನ ಸರಕಾರಿ ಪ್ರಾಚ್ಯ ಹಸ್ತಪ್ರತಿ ಭಂಡಾರಕ್ಕೆ ಈ ಸಂಗ್ರಹವೇ ಬುನಾದಿ. ಬ್ರೌನ್ ಮೊದಲಾದವರು ಕೂಡಿಸಿದ್ದೂ ಅದಕ್ಕೆ ಸೇರಿತು. ಅಲ್ಲಿಯ ಪಂಡಿತರು ಕಟ್ಟುಗಳನ್ನು ಬಿಚ್ಚಿ, ಗರಿಗಳನ್ನು ಎಣಿಸಿ, ಆದಿ ಅಂತ್ಯಗಳನ್ನು ಬರೆದುಕೊಂಡು ಪಟ್ಟಿ ಮಾಡುತ್ತ ಹೋದರು. ಆ ಭಂಡಾರ 1950ರಲ್ಲಿ, ಎಚ್. ಶೇಷ ಅಯ್ಯಂಗಾರ್ಯರ ಸಂಪಾದಕತ್ವದಲ್ಲಿ, ‘ಲೋಕೋಪಕಾರ’ವೆಂಬ ಗ್ರಂಥವನ್ನು ಅಚ್ಚು ಹಾಕಿಸಿತು. ಕನ್ನಡ ಗೃಹಸ್ಥನೊಬ್ಬನ ಸಾವಿರ ವರ್ಷದ ಹಿಂದಿನ ಬಾಳನ್ನು ಹತ್ತಿರದಿಂದ ನೋಡಬೇಕೆನ್ನುವವರು ಅವಶ್ಯವಾಗಿ ಓದಬೇಕಾದ ಪುಸ್ತಕ ಇದು.

ಇದನ್ನು ಬರೆದವನು ಚಾವುಂಡರಾಯ. ಶ್ರವಣಬೆಳ್ಗೊಳದಲ್ಲಿ ಗೊಮ್ಮಟನನ್ನು ನಿಲ್ಲಿಸಿದ ಚಾವುಂಡರಾಯ ಬೇರೆ, ಈತ ಬೇರೆ. ಈತ ಕಲ್ಯಾಣದ ಚಾಲುಕ್ಯ ಜಯಸಿಂಹನ ಆಶ್ರಯದಲ್ಲಿದ್ದು ಕ್ರಿ.ಶ. 1025ರ ಸುಮಾರಿಗೆ ಗ್ರಂಥ ರಚಿಸಿದ. ಹನ್ನೆರಡು ಅಧ್ಯಾಯಗಳು, ಒಂದಕ್ಕೂ ಇನ್ನೊಂದಕ್ಕೂ ನೇರವಾದ ನಂಟಿಲ್ಲ. ಪಂಚಾಂಗ, ಮನೆ ಕಟ್ಟುವ ಕ್ರಮ, ಯಾವ ಮರ ಯಾವ ಹುತ್ತ ಇದ್ದಲ್ಲಿ ನೀರು ಸಿಕ್ಕೀತೆಂಬ ಲಕ್ಷಣ, ಗಿಡಮರಗಳ ಆರೈಕೆ, ಸುಗಂಧದ್ರವ್ಯ, ಅಡುಗೆ, ಮನುಷ್ಯರ ಮತ್ತು ದನಕರುಗಳ ವೈದ್ಯ, ವಿಷಚಿಕಿತ್ಸೆ, ಶಕುನ ಹೀಗೆ ಸಾಗುತ್ತದೆ. ಇವುಗಳಿಗೆಲ್ಲ ಹೊಂದುವ ಎಳೆ ಒಂದೇ: ಮನೆಯೊಂದನ್ನು ನಡೆಸುವವನಿಗೆ ಇವೆಲ್ಲ ಬೇಕು. ಉದ್ದಿನ ಬೇಳೆಯನ್ನು ಮಜ್ಜಿಗೆಯಲ್ಲಿ ನೆನೆಸಿ, ರುಬ್ಬಿ, ಮೊಸರಿನ ತಿಳಿ ಮತ್ತು ಸಂಬಾರಗಳನ್ನು ಸೇರಿಸುವ ವಿಧಾನವನ್ನು ಆತ ಹೇಳುತ್ತಾನೆ. ಇಡ್ಲಿಯ ಪೂರ್ವಚರಿತ್ರೆ ಬರೆಯುವವರು ಇಂದಿಗೂ ಆ ಮಾತನ್ನು ಎತ್ತಿ ತೋರಿಸುತ್ತಾರೆ. ಇಡ್ಲಿ ಎಲ್ಲಿಯದೆಂದು ಇಲ್ಲಿಯ ನೆರೆಹೊರೆಯವರೊಡನೆ ವಾದಕ್ಕಿಳಿಯುವ ನಮ್ಮವರಿಗೆ ಇದು ಉಪಯೋಗಕ್ಕೆ ಬಂದೀತು. ಆದರೆ ಚಾವುಂಡರಾಯನ ತಿಂಡಿಯಲ್ಲಿ ಅಕ್ಕಿ ಇಲ್ಲವೆಂಬುದನ್ನೂ ಜೊತೆಗೆ ಹೇಳಿಬಿಡುವುದು ನ್ಯಾಯ.

ಅದಕ್ಕೂ ಎಂಟು ವರ್ಷ ಮೊದಲು, 1942ರಲ್ಲಿ, ಮದರಾಸು ವಿಶ್ವವಿದ್ಯಾಲಯವು ‘ಖಗೇಂದ್ರಮಣಿದರ್ಪಣ’ವನ್ನು ಪ್ರಕಟಿಸಿದ್ದಿತು. ಎ. ವೆಂಕಟರಾಯರೂ ಅದೇ ಶೇಷ ಅಯ್ಯಂಗಾರ್ಯರೂ ಅದರ ಸಂಪಾದಕರು. ಖಗೇಂದ್ರನೆಂದರೆ ಗರುಡ; ಹಾವಿನ ವೈರಿ. ವಿಜಯನಗರದ ಮೊದಲ ಅರಸರ ಕಾಲದಲ್ಲಿ, 1360ರ ಸುಮಾರಿಗೆ, ಮಂಗರಾಜನೆಂಬ ಜೈನಕವಿ ಹದಿನಾರು ಅಧ್ಯಾಯಗಳಲ್ಲಿ ವಿಷಗಳ ವಿಚಾರವನ್ನೇ ಹೇಳಿದ್ದಾನೆ. ಗಿಡ ಖನಿಜಗಳಿಂದ ಬರುವ ಸ್ಥಾವರವಿಷ, ಹಾವು ಇಲಿ ಮೊದಲಾದ ಜೀವಿಗಳಿಂದ ಬರುವ ಜಂಗಮವಿಷ ಎಂದು ಅವನ ವಿಭಾಗ. ಅದನ್ನು ಅವನು ಬರೆದದ್ದು ಸುಂದರವಾದ ಪದ್ಯಗಳಲ್ಲಿ. ಹಾವು ಕಚ್ಚಿದವನಿಗೆ ಮದ್ದು ಹೇಳುವಾಗಲೂ ಛಂದಸ್ಸು ತಪ್ಪಬಾರದೆ ಎಂದು ಇಂದಿನವರಿಗೆ ನಗು ಬರಬಹುದು. ಪುಸ್ತಕ ದುರ್ಲಭವಾದ ಕಾಲದಲ್ಲಿ ಮದ್ದು ವೈದ್ಯನ ನಾಲಗೆಯ ಮೇಲಿರಬೇಕಾಗಿತ್ತು; ನಾಲಗೆಯ ಮೇಲೆ ನಿಲ್ಲುವುದು ಪದ್ಯವೇ.

ಈ ಪದ್ಯದ ಅಭ್ಯಾಸದಿಂದಲೇ ಮತ್ತೊಂದು ಉಪಕಾರವಾಯಿತು. ಆರ್. ನರಸಿಂಹಾಚಾರ್ಯರು ‘ಕರ್ಣಾಟಕ ಕವಿಚರಿತೆ’ಯನ್ನು ಬರೆಯಹೊರಟಾಗ ಕವಿಗಳ ಪಟ್ಟಿಯಲ್ಲಿ ಯಾರನ್ನು ಸೇರಿಸಬೇಕು, ಯಾರನ್ನು ಬಿಡಬೇಕು? ಪದ್ಯದಲ್ಲಿ ಬರೆದವನೆಲ್ಲ ಕವಿಯೇ! ಮೊದಲ ಸಂಪುಟ 1907ರಲ್ಲಿ, ಎರಡನೆಯದು 1919ರಲ್ಲಿ, ಮೂರನೆಯದು 1929ರಲ್ಲಿ ಬಂದಿತು. ಸಾವಿರಕ್ಕೂ ಮೀರಿದ ಹೆಸರುಗಳು ಅದರಲ್ಲಿ ಸೇರಿದವು. ಪಂಪನ ಕಾವ್ಯ ಹುಡುಕಿ ಹಾಳೆ ತಿರುವಿದವನಿಗೆ ‘ವ್ಯವಹಾರಗಣಿತ’ ಬರೆದ ರಾಜಾದಿತ್ಯ ಎದುರಾಗುತ್ತಾನೆ. 12ನೆಯ ಶತಮಾನದ ಈ ಜೈನ ಗಣಿತಜ್ಞ ಕ್ಷೇತ್ರಗಣಿತವನ್ನೂ ಲೀಲಾವತಿಯನ್ನೂ ಕನ್ನಡದಲ್ಲಿ ಬರೆದವನು. ಮ್ಯಾಕೆಂಜಿ ಯಾವ ಗಣಿತ ಹುಡುಕುತ್ತ ಬಂದನೋ ಅದು ನಮ್ಮ ದೇಶಭಾಷೆಯಲ್ಲಿಯೂ ಇತ್ತು ಎಂದಾಯಿತು. ಇನ್ನಷ್ಟು ಹಾಳೆ ತಿರುವಿದರೆ ‘ಗೋವೈದ್ಯ’ದ ಕೀರ್ತಿವರ್ಮ, ಚಾಲುಕ್ಯ ರಾಜಕುಮಾರನಾಗಿ ಹುಟ್ಟಿ ದನದ ರೋಗಕ್ಕೆ ಮದ್ದು ಬರೆದ ಮಹಾನುಭಾವ. 1049ರಲ್ಲಿ ‘ಜಾತಕತಿಲಕ’ ಬರೆದ ಶ್ರೀಧರಾಚಾರ್ಯ, ‘ಕಲ್ಯಾಣಕಾರಕ’ವೆಂಬ ವೈದ್ಯಗ್ರಂಥವನ್ನು ಮದ್ಯಮಾಂಸ ಸೋಂಕದಂತೆ ಕನ್ನಡಿಸಿದ ಜಗದ್ದಳ ಸೋಮನಾಥ, ಮಳೆ ಮೋಡ ಭೂಕಂಪಗಳ ಲಕ್ಷಣ ಹೇಳಿದ ರಟ್ಟಕವಿ, ಕುದುರೆಯ ವೈದ್ಯ ಬರೆದ ಅಭಿನವಚಂದ್ರ. ರಟ್ಟಕವಿಯ ಗ್ರಂಥವನ್ನು ತೆಲುಗಿನವರು ತಮ್ಮ ಭಾಷೆಗೆ ತಂದುಕೊಂಡರು. 16ನೆಯ ಶತಮಾನದ ಆರಂಭದಲ್ಲಿ ಕಲ್ಲಹಳ್ಳಿಯ ಮೂರನೆಯ ಮಂಗರಸ ಷಟ್ಪದಿಯಲ್ಲಿ ‘ಸೂಪಶಾಸ್ತ್ರ’ ಬರೆದು ಹಿಟ್ಟಿನ ಭಕ್ಷ್ಯ, ಪಾನಕ, ಅನ್ನ, ಬದನೆ, ಬಾಳೆ, ಹಲಸು, ಕಳಲೆಗಳ ಪಾಕಕ್ರಮವನ್ನು ವಿವರಿಸಿದ. ಇಂದಿನ ಗ್ರಂಥಾಲಯದಲ್ಲಿ ಇವರೆಲ್ಲ ಬೇರೆ ಬೇರೆ ಬೀರುಗಳಲ್ಲಿ ಬೀಗಹಾಕಿಸಿಕೊಂಡು ಕೂರಬೇಕಾಗಿತ್ತು. ಕವಿಚರಿತೆಯಲ್ಲಿ ಅಡುಗೆಯವನೂ ಜ್ಯೋತಿಷಿಯೂ ಮಹಾಕವಿಯೂ ಒಂದೇ ಪಂಕ್ತಿಯಲ್ಲಿ ಕುಳಿತಿದ್ದಾರೆ. ಕನ್ನಡದ ಶಾಸ್ತ್ರಗ್ರಂಥಗಳ ಮೊದಲ ಪರಿಚಯ ಬಹುಮಂದಿಗೆ ಆದದ್ದು ಹೀಗೆ, ಬೇರೇನನ್ನೋ ಹುಡುಕುವಾಗ.

ಬೇರೆ ಊರುಗಳ ಋಣವೂ ಉಂಟು. ಕನ್ನಡದಲ್ಲಿ ನಮಗೆ ದೊರೆತಿರುವ ಅತಿ ಹಳೆಯ ಗ್ರಂಥವಾದ ‘ಕವಿರಾಜಮಾರ್ಗ’ವನ್ನು 1898ರಲ್ಲಿ ಸಂಪಾದಿಸಿದ ಕೆ. ಬಿ. ಪಾಠಕರು ಪುಣೆಯ ಡೆಕ್ಕನ್ ಕಾಲೇಜಿನಲ್ಲಿ ಪ್ರಾಧ್ಯಾಪಕರಾಗಿದ್ದವರು. ಕಲ್ಯಾಣದ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ಸಂಸ್ಕೃತದಲ್ಲಿ ರಚಿಸಿದ ‘ಮಾನಸೋಲ್ಲಾಸ’ ಆನೆ ಹಿಡಿಯುವುದರಿಂದ ಚಿತ್ರಕಲೆಯವರೆಗೆ ನೂರು ವಿಷಯಗಳ ಕೋಶ. ಬಡೋದೆಯ ಗಾಯಕವಾಡ ಮಾಲೆಯಲ್ಲಿ ಅದರ ಮೊದಲ ಸಂಪುಟ ಬಂದದ್ದು 1925ರಲ್ಲಿ, ಎರಡನೆಯದು 1939ರಲ್ಲಿ, ಮೂರನೆಯದು 1961ರಲ್ಲಿ. ಮೂವತ್ತಾರು ವರ್ಷ! ಕೆಳದಿಯ ಬಸವಪ್ಪ ನಾಯಕನ ‘ಶಿವತತ್ತ್ವರತ್ನಾಕರ’ವೂ ಅಂಥದೇ ಕೋಶ, 1709ರಲ್ಲಿ ಮಲೆನಾಡಿನಲ್ಲಿ ಹುಟ್ಟಿ 1927ರಲ್ಲಿ ಮದರಾಸಿನಲ್ಲಿ ಅಚ್ಚಾಯಿತು. ಲೋಕೋಪಕಾರ ಇಂಗ್ಲಿಷಿಗೆ ಬಂದದ್ದು 2006ರಲ್ಲಿ. ಅದನ್ನು ಹೊರತಂದದ್ದು ಸಿಕಂದರಾಬಾದಿನ ಕೃಷಿ ಇತಿಹಾಸದ ಸಂಸ್ಥೆಯೊಂದು. ಕೊಡುಕೊಳ್ಳುವಿಕೆ ಒಂದೇ ಕಡೆಯದಲ್ಲ. 1905ರಲ್ಲಿ ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ಗ್ರಂಥಲಿಪಿಯ ಓಲೆಗಳನ್ನು ತಂದು ಮೈಸೂರಿನ ಪ್ರಾಚ್ಯ ಗ್ರಂಥಭಂಡಾರಕ್ಕೆ ಕೊಟ್ಟರು. ಆರ್. ಶಾಮಶಾಸ್ತ್ರಿಗಳು ನೋಡಲಾಗಿ ಅದು ಕೌಟಿಲ್ಯನ ‘ಅರ್ಥಶಾಸ್ತ್ರ’. 1909ರಲ್ಲಿ ಅವರು ಅದನ್ನು ಅಚ್ಚು ಹಾಕಿಸಿದಾಗ ಲೋಕವೇ ಮೈಸೂರಿನತ್ತ ತಿರುಗಿ ನೋಡಿತು.

ಇಷ್ಟೆಲ್ಲ ಹೇಳಿ, ನಮ್ಮ ಪೂರ್ವಿಕರಿಗೆ ತಿಳಿಯದ ವಿದ್ಯೆಯೇ ಇರಲಿಲ್ಲವೆಂದು ರಾಜ್ಯೋತ್ಸವದ ವೇದಿಕೆಯ ಮೇಲೆ ಕೂಗುವವರ ಸಾಲಿಗೆ ಸೇರಲು ನನಗೆ ಇಷ್ಟವಿಲ್ಲ. ಹಾವು ಕಚ್ಚಿದವನನ್ನು ಇಂದು ಮಂಗರಾಜನ ಪದ್ಯ ಹೇಳುತ್ತ ಕೂರಿಸಬಾರದು, ಆಸ್ಪತ್ರೆಗೆ ಒಯ್ಯಬೇಕು. ಚಾವುಂಡರಾಯನ ಶಕುನಗಳಿಂದ ಯಾವ ಪ್ರಯಾಣವೂ ನಿಲ್ಲಬೇಕಾಗಿಲ್ಲ. ಬೆಲೆ ಬೇರೊಂದು ಕಡೆ ಇದೆ. ಸಂಸ್ಕೃತದಲ್ಲಿದ್ದ ವಿದ್ಯೆ ಬೇಸಾಯಗಾರನಿಗೂ ವರ್ತಕನಿಗೂ ಅಡುಗೆಮನೆಗೂ ಅವರವರ ಮಾತಿನಲ್ಲಿಯೇ ಸಿಗಬೇಕೆಂದು ಅರಸುಮಕ್ಕಳೂ ಮುನಿಗಳೂ ಕುಳಿತು ಬರೆದರು. ಅದಕ್ಕೆ ಬೇಕಾದ ಪದಗಳು ಅವರಿಗೆ ಕನ್ನಡದಲ್ಲಿ ಸಿಕ್ಕಿದವು. ಈಗ ಶಾಸ್ತ್ರವಿಷಯವನ್ನು ಕನ್ನಡದಲ್ಲಿ ಹೇಳಲು ಪದಗಳಿಲ್ಲವೆನ್ನುವವರು ಇವುಗಳಲ್ಲಿ ಒಂದನ್ನಾದರೂ ತೆರೆದು ನೋಡಿರುವರೆ ಎಂಬುದು ನನ್ನ ಸಂದೇಹ.

ಕಾಣದೆ ಹೋದದ್ದೂ ಕಡಮೆಯಲ್ಲ. ಕವಿರಾಜಮಾರ್ಗವು ಹೆಸರಿಸುವ ಗದ್ಯಕಾರರು, ನಾಗಾರ್ಜುನ, ಜಯಬಂಧು, ದುರ್ವಿನೀತ ಮೊದಲಾದವರ ಒಂದು ಗರಿಯೂ ನಮಗೆ ದೊರೆತಿಲ್ಲ. ಮ್ಯಾಕೆಂಜಿಯ ಕನ್ನಡ ಕೈಫಿಯತ್ತುಗಳನ್ನೇ ನೋಡಿ: ಬರೆದು ಇನ್ನೂರು ವರ್ಷಗಳಾಗುತ್ತ ಬಂದಾಗ, 1990ರ ದಶಕದಲ್ಲಿ, ಎಂ. ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ ಹಂಪಿಯ ಕನ್ನಡ ವಿಶ್ವವಿದ್ಯಾಲಯ ಅವುಗಳನ್ನು ಅಚ್ಚಿಗೆ ತಂದಿತು. ನಮ್ಮಲ್ಲಿ ಅನೇಕರು ರಜೆಗೆ ಊರಿಗೆ ಹೋದಾಗ ಹಳೆಯ ಮನೆಯನ್ನು ಮಾರುವ, ಕೆಡವುವ ಮಾತು ನಡೆದೇ ಇರುತ್ತದೆ. ಅಟ್ಟದ ಮೇಲೆ ಓಲೆಯ ಕಟ್ಟೋ, ಹುಣಿಸೆಬೀಜದ ಸರಿ ಮತ್ತು ಇದ್ದಿಲು ಬಳಿದು ಮಡಿಸಿದ ಬಟ್ಟೆಯ ಕಡತವೋ ಸಿಕ್ಕಿದರೆ ಕಟ್ಟನ್ನು ಬಿಚ್ಚಿ ಗರಿಗಳನ್ನು ನೆಂಟರಿಗೆ ಹಂಚಬೇಡಿ, ನೀರಿನಿಂದ ಒರಸಬೇಡಿ. ಅದು ಇದ್ದಂತೆಯೇ ಮೊದಲ ಗರಿ, ನಡುವಿನ ಒಂದೆರಡು ಗರಿ, ಕೊನೆಯ ಗರಿ ಇವುಗಳ ಚಿತ್ರ ತೆಗೆದು ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೋ ಹಂಪಿಯ ವಿಶ್ವವಿದ್ಯಾಲಯಕ್ಕೋ ಚೆನ್ನೈಯ ಭಂಡಾರಕ್ಕೋ ತೋರಿಸಿ. ಮೇಲಿನ ಗರಿಯಲ್ಲಿ ಎಲ್ಲರ ಮನೆಯಲ್ಲಿಯೂ ಇರುವ ಜೈಮಿನಿ ಭಾರತ ಕಂಡಿತೆಂದು ಬದಿಗಿಡದೆ ಕೊನೆಯವರೆಗೂ ನೋಡಿಸಿ. ಅದರ ಹಿಂದೆ ಏನು ಪೋಣಿಸಿದ್ದಾರೋ ದಾರ ಬಿಚ್ಚುವ ತನಕ ತಿಳಿಯುವುದಿಲ್ಲ.