ಹನ್ನೆರಡನೆಯ ಮೆಟ್ಟಿಲು

ಕಳೆದ ರಜೆಗೆ ಎಲೆಕ್ಟ್ರಿಕ್ ಗಿಟಾರ್ ಕಿಟ್ ಒಂದನ್ನು ಚೋರನೂರಿನ ಮನೆಗೇ ಹೊತ್ತೊಯ್ದೆ. ಪಡಸಾಲೆಯಲ್ಲಿ ಕೂತು ಮರ ಉಜ್ಜಿದೆ, ಪಾಲಿಶ್ ಬಳಿದೆ, ಪಿಕಪ್‌ಗೆ ವೈರ್ ಬೆಸೆದೆ. ನುಡಿಸಿದರೆ, ಭಜನೆಯಲ್ಲಿ ಹಾರ್ಮೋನಿಯಂ ಹಿಡಿಯುವ ಅಪ್ಪ, "ಮ್ಯಾಲೆ ಹೋದಂಗ ಸ್ವರ ಇಳೀತೈತಿ ನೋಡಪಾ" ಅಂದ್ರು.

ಟೇಪ್ ಹಿಡಿದೆ. ತಂತಿ 648 ಮಿ.ಮೀ.; ಅದರ ಅರ್ಧಕ್ಕೆ, 324ಕ್ಕೆ, ಹನ್ನೆರಡನೆಯ ಫ್ರೆಟ್. ನಾನು ಬ್ರಿಡ್ಜನ್ನು ಅರ್ಧ ಸೆಂಟಿಮೀಟರ್ ಹಿಂದೆ ಕೂರಿಸಿದ್ದೆ.

ಫ್ರೆಟ್‌ಗಳೇನೋ ಕೂತೇ ಬಂದಿದ್ದವು. ಆ ಜಾಗಗಳನ್ನು ಗೊತ್ತು ಮಾಡಿದ್ದು ಯಾರು? ಇಟಲಿಯ ವಿನ್ಚೆನ್ಸೊ ಗೆಲಿಲಿ ಲ್ಯೂಟ್ ವಾದ್ಯಕ್ಕೆ 18:17ರ ಸೂತ್ರ ಬರೆದದ್ದು 1581ರಲ್ಲಿ. ಅದಕ್ಕೂ ಮೊದಲೇ, 1550ರಲ್ಲಿ, ವಿಜಯನಗರದ ಅಳಿಯ ರಾಮರಾಯನ ಆಶ್ರಯದಲ್ಲಿ ರಾಮಾಮಾತ್ಯ ‘ಸ್ವರಮೇಳಕಲಾನಿಧಿ’ ಬರೆದು, ವೀಣೆಯ ಮೆಟ್ಟಿಲು ಎಲ್ಲೆಲ್ಲಿ ಕೂರಬೇಕೆಂದು ಹೇಳಿದ್ದ. ರಾಗಕ್ಕೆ ತಕ್ಕಂತೆ ಮೆಟ್ಟಿಲು ಸರಿಸುವ ವೀಣೆ ಒಂದು. ಒಮ್ಮೆ ಕೂರಿಸಿದರೆ ಎಲ್ಲ ರಾಗಕ್ಕೂ ಸಲ್ಲುವುದು ಇನ್ನೊಂದು. ನನ್ನ ಗಿಟಾರ್ ಎರಡನೆಯ ಜಾತಿ. ಹಂಪಿಗೆ ಎಷ್ಟು ಸಲ ಹೋದರೂ ನಾನು ನೋಡಿದ್ದು ಕಲ್ಲಷ್ಟೇ!

1565ರಲ್ಲಿ ನಗರ ಹಾಳಾಯ್ತು. ಯೋಚನೆ ಉಳೀತು: ತಂಜಾವೂರಿನಲ್ಲಿ ಬೆಳೆದ ಸರಸ್ವತಿ ವೀಣೆಯ 24 ಮೆಟ್ಟಿಲುಗಳು ಇವತ್ತಿಗೂ ಮೇಣದಲ್ಲಿ ಗಟ್ಟಿಯಾಗಿ ಕೂತಿರುತ್ತವೆ.

ಹಳೆ ತೂತುಗಳಿಗೆ ಕಡ್ಡಿ, ಫೆವಿಕಾಲ್ ತುಂಬಿ, ಬ್ರಿಡ್ಜ್ ಮುಂದಕ್ಕೆ ಕೂರಿಸಿದೆ. ಅಪ್ಪ ಹಾರ್ಮೋನಿಯಂನಲ್ಲಿ ಮೇಲಿನ ಷಡ್ಜ ಒತ್ತಿ ಹಿಡಿದರು. ನಾನು ಹನ್ನೆರಡನೆಯ ಫ್ರೆಟ್ ಒತ್ತಿ ಮೀಟಿದೆ.

"ಈಗ ಕೂತ್ತು ನೋಡು."