ಚಂದ್ರನಿಗೆ ಕಟ್ಟಿದ ಬಯಲಲ್ಲಿ ನೂರು ವರ್ಷ ಗಾಲ್ಫ್ ಆಡಿದರು

ಗೆಳೆಯರೇ, ಇವತ್ತು ಒಂದು ಗಾಲ್ಫ್ ಮೈದಾನದ ಚರಿತ್ರೆ ಹೇಳ್ತೀನಿ. ಗಾಲ್ಫಿಗೂ ನಮಗೂ ಏನು ಸಂಬಂಧ ಅಂತ ಮುಂದೆ ಹೋಗಬೇಡಿ. ಈ ಮೈದಾನ ಈಗ ಇಲ್ಲ. ಅದು ಹೇಗೆ ಬಂತು, ಹೇಗೆ ಹೋಯ್ತು ಅನ್ನೋದರಲ್ಲಿ ನಮ್ಮ ಕತೆಯೂ ಇದೆ.

ಅಮೆರಿಕದ ಒಹಾಯೊ ರಾಜ್ಯದಲ್ಲಿ ನೆವಾರ್ಕ್ ಅಂತ ಒಂದು ಊರು. ಅಲ್ಲಿ ಸುಮಾರು ಎರಡು ಸಾವಿರ ವರ್ಷಗಳ ಹಿಂದೆ ಮೂಲನಿವಾಸಿಗಳು ಮಣ್ಣಿನ ಒಡ್ಡು ಹಾಕಿ ಎಂಟು ಮೂಲೆಯ ಒಂದು ಬಯಲು ಕಟ್ಟಿದರು. ಅದೊಂದೇ 50 ಎಕರೆ. ಅದಕ್ಕೆ ಸೇರಿದಂತೆ 20 ಎಕರೆಯ ಇನ್ನೊಂದು ದುಂಡನೆಯ ಬಯಲು. ಕಬ್ಬಿಣದ ಗುದ್ದಲಿ ಇಲ್ಲ, ಗಾಡಿ ಇಲ್ಲ, ಎತ್ತಿಲ್ಲ. ಕೋಲಿನಿಂದ ಅಗೆದು, ಬುಟ್ಟಿಯಲ್ಲಿ ಹೊತ್ತು ಹಾಕಿದ ಮಣ್ಣು. ಚಂದ್ರ ಹುಟ್ಟುವ ಜಾಗ ಉತ್ತರಕ್ಕೂ ದಕ್ಷಿಣಕ್ಕೂ ಸರಿಯುತ್ತಾ 18.6 ವರ್ಷಕ್ಕೆ ಒಂದು ಸುತ್ತು ಮುಗಿಸುತ್ತದೆ. ಆ ಸುತ್ತಿನಲ್ಲಿ ಚಂದ್ರ ಉತ್ತರದ ತುತ್ತತುದಿಯಲ್ಲಿ ಹುಟ್ಟುವ ಕಡೆಗೇ ಈ ಬಯಲು ಮುಖ ಮಾಡಿದೆ. ಇದನ್ನು ಅಳೆದು 1982ರಲ್ಲಿ ಲೋಕಕ್ಕೆ ತಿಳಿಸಿದವರು ರೇ ಹೈವ್ಲಿ, ರಾಬರ್ಟ್ ಹಾರ್ನ್ ಎಂಬ ಇಬ್ಬರು ಪ್ರಾಧ್ಯಾಪಕರು. ಕಟ್ಟಿದವರು ಅಕ್ಷರ ಬಿಟ್ಟುಹೋಗಿಲ್ಲ. ಆದರೆ ತಲೆಮಾರುಗಳ ಕಾಲ ಆಕಾಶ ನೋಡಿ ಲೆಕ್ಕ ಇಟ್ಟಿದ್ದರು.

ಬಿಳಿಯರು ಏನಂದರು ಗೊತ್ತಾ? "ಇಂಡಿಯನ್ನರಿಗೆ ಇದನ್ನೆಲ್ಲ ಕಟ್ಟೋ ಬುದ್ಧಿ ಎಲ್ಲಿಂದ ಬರಬೇಕು? ಇದು ನಾಶವಾದ ಬೇರೆ ಯಾವುದೋ ಜನಾಂಗದ ಕೆಲಸ" ಅಂದರು. ಹತ್ತೊಂಬತ್ತನೇ ಶತಮಾನದ ಬಹುಪಾಲು ಈ ಸುಳ್ಳೇ ಪಾಂಡಿತ್ಯವಾಗಿ ಓಡಾಡಿತು. ಅದೇ ಕಾಲದಲ್ಲಿ, 1830ರ ಕಾನೂನು ಹಿಡಿದುಕೊಂಡು, ಶಾನೀ ಮತ್ತಿತರ ಬುಡಕಟ್ಟುಗಳನ್ನು ಮಿಸಿಸಿಪಿ ನದಿಯಾಚೆಗೆ ಅಟ್ಟಿದರು. ಒಹಾಯೊದಿಂದ ಕೊನೆಗೆ ಹೊರಟ ವಯಾಂಡಾಟ್ ಜನ ಹೋದದ್ದು 1843ರಲ್ಲಿ. ದಿಬ್ಬಗಳನ್ನು ಕಟ್ಟಿದ್ದು ಈ ಮೂಲನಿವಾಸಿಗಳ ಪೂರ್ವಿಕರೇ ಅಂತ ಸೈರಸ್ ಥಾಮಸ್ ವರದಿ ಬಂದದ್ದು 1894ರಲ್ಲಿ. ನಿಜ ಒಪ್ಪಿಕೊಂಡರು, ಜನ ಖಾಲಿಯಾಗಿ ಐವತ್ತು ವರ್ಷ ಆದ ಮೇಲೆ!

ಕಟ್ಟಿದವರು ತಮ್ಮನ್ನು ತಾವು ಏನಂತ ಕರೆದುಕೊಳ್ಳುತ್ತಿದ್ದರೋ ಆ ಹೆಸರೂ ಅಳಿಯಿತು. ಇವತ್ತು ಪುಸ್ತಕಗಳಲ್ಲಿ ಅವರದು 'ಹೋಪ್‌ವೆಲ್' ಸಂಸ್ಕೃತಿ. ಹೋಪ್‌ವೆಲ್ ಯಾರು? ಅಂಥ ದಿಬ್ಬಗಳಿದ್ದ ಒಂದು ಜಮೀನಿನ ಮಾಲೀಕ. ದುಡಿದವರ ಮೇಲೆ ಒಡೆಯನ ಹೆಸರು. ನಮಗೇನು ಹೊಸದಾ ಇದು?

1910ರಲ್ಲಿ ಈ ಬಯಲನ್ನು ಒಂದು ಕ್ಲಬ್ಬಿಗೆ ಗುತ್ತಿಗೆ ಕೊಟ್ಟರು. ಕ್ಲಬ್ಬಿನ ಹೆಸರು 'ಮೌಂಡ್‌ಬಿಲ್ಡರ್ಸ್ ಕಂಟ್ರಿ ಕ್ಲಬ್', ಅಂದರೆ ದಿಬ್ಬ ಕಟ್ಟಿದವರ ಕ್ಲಬ್! ಒಡ್ಡುಗಳ ಮೇಲೆ ಹಾರಿಸಿ ಚೆಂಡು ಹೊಡೆಯೋದೇ ಅಲ್ಲಿನ ಆಟದ ಮಜಾ. 1933ರಲ್ಲಿ ಜಾಗ ರಾಜ್ಯದ ಇತಿಹಾಸ ಸಂಸ್ಥೆಗೆ ಬಂತು, ಗುತ್ತಿಗೆ ಮಾತ್ರ ಹೋಗಲಿಲ್ಲ. 1997ರಲ್ಲಿ ಅದೇ ಸಂಸ್ಥೆ ಗುತ್ತಿಗೆಯನ್ನು 2078ರವರೆಗೆ ಎಳೆಯಿತು. ಜನರಿಗೆ ಇಡೀ ಜಾಗ ಸುತ್ತಲು ವರ್ಷಕ್ಕೆ ನಾಲ್ಕೇ ದಿನ. ಉಳಿದಂತೆ ಒಂದು ಅಟ್ಟಣಿಗೆ ಹತ್ತಿ ದೂರದಿಂದ ನೋಡಬೇಕು. ಊರ ದೇವಸ್ಥಾನದ ಹೊರಗೆ ನಿಂತು ನೋಡಿದವರಿಗೆ ಈ ದೂರ ಎಷ್ಟು ಅಂತ ಗೊತ್ತು.

"ನಾವು ಹುಲ್ಲು ಕತ್ತರಿಸಿ ನೋಡಿಕೊಂಡದ್ದಕ್ಕೇ ಇದು ಉಳಿದಿದೆ" ಅಂತ ಕ್ಲಬ್ಬಿನವರ ವಾದ. ಪೂರ್ತಿ ಸುಳ್ಳಲ್ಲ. ನೆವಾರ್ಕಿನ ಉಳಿದ ಎಷ್ಟೋ ಒಡ್ಡುಗಳು ರಸ್ತೆ, ಮನೆ, ರೈಲಿನ ಕೆಳಗೆ ಮಣ್ಣಾದವು. ಆದರೆ ಕಾಯ್ದವನು ವಾರಸುದಾರನನ್ನೇ ಬಾಗಿಲಲ್ಲಿ ನಿಲ್ಲಿಸಬಹುದಾ?

ಶಾನೀ ಜನ ಈಗ ಒಕ್ಲಹಾಮಾದಲ್ಲಿದ್ದಾರೆ. ಅಲ್ಲಿನ ಈಸ್ಟರ್ನ್ ಶಾನೀ ಬುಡಕಟ್ಟಿನ ಮುಖ್ಯಸ್ಥೆ ಗ್ಲೆನ್ನಾ ವ್ಯಾಲೇಸ್ ವರ್ಷಗಟ್ಟಲೆ ದನಿ ಎತ್ತಿದರು. 2018ರಲ್ಲಿ ಇತಿಹಾಸ ಸಂಸ್ಥೆಯೇ ಗುತ್ತಿಗೆ ಬಿಡಿಸಲು ಭೂಸ್ವಾಧೀನದ ದಾವೆ ಹೂಡಿತು. 2022ರ ಡಿಸೆಂಬರಿನಲ್ಲಿ ಒಹಾಯೊ ಸುಪ್ರೀಂ ಕೋರ್ಟು 6-1ರಲ್ಲಿ ಸಂಸ್ಥೆಯ ಪರ ತೀರ್ಪು ಕೊಟ್ಟಿತು. 2023ರಲ್ಲಿ ಯುನೆಸ್ಕೊ ಪಟ್ಟಿ ಸೇರಿತು. ಕ್ಲಬ್ಬಿಗೆ ಎಷ್ಟು ಪರಿಹಾರ ಅನ್ನೋದರ ಮೇಲೆ ಜಗಳ ನಡೆದು 2024ರ ಆಗಸ್ಟಿನಲ್ಲಿ ರಾಜಿಯಾಯಿತು. 2025ರ ಜನವರಿ 1ಕ್ಕೆ ಬಯಲು ಎಲ್ಲರಿಗೂ ತೆರೆಯಿತು. ಚಂದ್ರ ತನ್ನ 18.6 ವರ್ಷದ ಸುತ್ತಿನಲ್ಲಿ ಆ ಉತ್ತರದ ತುದಿ ಮುಟ್ಟಿದ್ದೂ ಅದೇ ಆಸುಪಾಸಿನಲ್ಲಿ.

ಖುಷಿಯ ಸುದ್ದಿಯೇ. ಆದರೆ ಒಂದು ಮಾತು. ನೆಲ ಈಗಲೂ ಇತಿಹಾಸ ಸಂಸ್ಥೆಯ ಹೆಸರಲ್ಲಿದೆ, ಶಾನೀ ಜನರ ಹೆಸರಲ್ಲಿ ಇಲ್ಲ. ಬಾಗಿಲು ತೆರೆಯೋದು ಬೇರೆ, ಖಾತೆ ಆಗೋದು ಬೇರೆ.

ಅದಕ್ಕೇ ಕೇಳ್ತಿದ್ದೀನಿ: ನಿಮ್ಮ ಕೇರಿಯ ಸ್ಮಶಾನಕ್ಕೆ ಪಹಣಿ ಇದೆಯಾ? ಅದರಲ್ಲಿ ಏನಂತ ಬರೆದಿದೆ? ಅಜ್ಜ ಅಜ್ಜಿಯನ್ನು ಮಣ್ಣು ಮಾಡಿದ ಜಾಗ ಅನ್ನೋ ನೆನಪು ನಮಗೆ ಸಾಕು, ಕಚೇರಿಗೆ ಸಾಕಾಗಲ್ಲ. ಈ ವಾರ ಒಂದು ಪ್ರತಿ ತೆಗೆಸಿ ನೋಡಿ.

ಜೈಭೀಮ್.