ಆಟದ ಮೋಟಾರಿಗೆ ಭಾರ ಬಂದ ಬಗೆ

ಚದುರಂಗದ ಚರಿತ್ರೆಯನ್ನು ವಿದ್ವಾಂಸರು ಬರೆದಿದ್ದಾರೆ. ಪಗಡೆಯಾಟದಿಂದ ಒಂದು ಮಹಾಕಾವ್ಯದ ಗತಿಯೇ ತಿರುಗಿತೆಂಬುದು ನಮ್ಮೆಲ್ಲರಿಗೂ ಗೊತ್ತು. ಆದರೆ ಮನೆಯ ಹುಡುಗರು ಕಂಪ್ಯೂಟರಿನ ಮುಂದೆ ಕುಳಿತು ಆಡುವ ಮೋಟಾರು ಪಂದ್ಯವನ್ನು ಹಿರಿಯರಾದ ನಾವು ಬರಿಯ ಗದ್ದಲವೆಂದು ತಳ್ಳಿಬಿಡುತ್ತೇವೆ. ಆ ಗದ್ದಲದ ಒಳಗೆ ೩೦ ವರ್ಷಗಳಿಗೂ ಮಿಕ್ಕಿ ಒಂದು ವಾದ ನಡೆದುಬಂದಿದೆ. ಅನುಕರಣೆಯು ನಿಜವನ್ನು ಎಷ್ಟರ ಮಟ್ಟಿಗೆ ಹೋಲಬೇಕು ಎಂಬುದೇ ಆ ವಾದ. ಕಾವ್ಯಮೀಮಾಂಸೆಯನ್ನು ಪಾಠ ಹೇಳುವ ನನ್ನಂಥವನಿಗೆ ಇದು ಹಳೆಯ ಪರಿಚಯದ ಪ್ರಶ್ನೆ. ಆದುದರಿಂದಲೇ ‘ನೀಡ್ ಫಾರ್ ಸ್ಪೀಡ್’ ಎಂಬ ಆಟಮಾಲೆಯ ಕಥೆಯನ್ನು ಇಲ್ಲಿ ಹೇಳಹೊರಟಿದ್ದೇನೆ.

ಭರತಮುನಿ ನಾಟ್ಯದಲ್ಲಿ ಎರಡು ಧರ್ಮಗಳನ್ನು ಹೇಳಿದ್ದಾನೆ. ಲೋಕ ನಡೆಯುವಂತೆಯೇ ನಡೆದು ತೋರಿಸುವುದು ಲೋಕಧರ್ಮಿ. ರಂಗದ ಸಂಕೇತಗಳಿಂದ ತೋರಿಸುವುದು ನಾಟ್ಯಧರ್ಮಿ. ಯಕ್ಷಗಾನದ ಅರ್ಜುನನಿಗೆ ಗಾಲಿಯ ರಥ ಬೇಕಿಲ್ಲ. ಚೆಂಡೆಯ ಪೆಟ್ಟಿಗೆ ಹೆಜ್ಜೆ ಹಾಕಿ ಒಂದು ಸುತ್ತು ಬಂದನೆಂದರೆ ನಮ್ಮ ಕಣ್ಣಿಗೆ ರಥ ಓಡಿತು. ಮೋಟಾರು ಪಂದ್ಯದ ಆಟಗಳಲ್ಲಿ ಹೆಚ್ಚಿನವು ಬಹುಕಾಲ ಹೀಗೆಯೇ ಇದ್ದವು. ತೆರೆಯ ಮೇಲಿನ ಕಾರಿಗೆ ಬಣ್ಣವಿತ್ತು, ಸದ್ದಿತ್ತು, ಭಾರವಿರಲಿಲ್ಲ. ಗೋಡೆಗೆ ಬಡಿದರೆ ಪುಟಿದು ಮತ್ತೆ ಓಡುತ್ತಿತ್ತು.

ಈ ಮಾಲೆಯ ಬೇರು ಕೆನಡಾ ದೇಶದ ವ್ಯಾಂಕೂವರ್ ಸೀಮೆಯಲ್ಲಿದೆ. ಅಲ್ಲಿನ ಡಿಸ್ಟಿಂಕ್ಟಿವ್ ಸಾಫ್ಟ್‌ವೇರ್ ಎಂಬ ಸಂಸ್ಥೆ ೧೯೮೭ರಲ್ಲಿ ‘ಟೆಸ್ಟ್ ಡ್ರೈವ್’ ಎಂಬ ಆಟವನ್ನು ಮಾಡಿತ್ತು. ಅಮೆರಿಕದ ಎಲೆಕ್ಟ್ರಾನಿಕ್ ಆರ್ಟ್ಸ್ ಕಂಪನಿ ೧೯೯೧ರಲ್ಲಿ ಆ ಸಂಸ್ಥೆಯನ್ನು ಕೊಂಡುಕೊಂಡಿತು. ಮೂರು ವರ್ಷಗಳ ತರುವಾಯ, ೧೯೯೪ರಲ್ಲಿ, ಮೊದಲನೆಯ ‘ನೀಡ್ ಫಾರ್ ಸ್ಪೀಡ್’ ಹೊರಬಂದಿತು. ‘ರೋಡ್ ಅಂಡ್ ಟ್ರ್ಯಾಕ್’ ಎಂಬ ಅಮೆರಿಕದ ಮೋಟಾರು ಪತ್ರಿಕೆ ಅದರ ಜೊತೆಗೂಡಿತ್ತು. ಎಂಟು ಕಾರುಗಳಷ್ಟೇ ಅದರಲ್ಲಿದ್ದುದು. ಆದರೆ ಒಂದೊಂದರ ನಡೆಯೂ ಸದ್ದೂ ನಿಜವಾದ ಕಾರನ್ನು ಹೋಲಬೇಕೆಂದು ಪತ್ರಿಕೆಯವರ ನೆರವಿನಿಂದ ಶ್ರಮಿಸಿದ್ದರು. ಎಂದರೆ, ಆಟದ ಹುಟ್ಟಿನಲ್ಲೇ ಲೋಕಧರ್ಮಿಯ ಹಂಬಲವಿತ್ತು.

ಹಂಬಲ ಬಹುಕಾಲ ನಿಲ್ಲಲಿಲ್ಲ. ೧೯೯೭ರ ಎರಡನೆಯ ಆಟ ಸಡಿಲವಾಯಿತು. ೧೯೯೮ರ ಮೂರನೆಯದರಲ್ಲಿ ಪೊಲೀಸರ ಬೆನ್ನಟ್ಟುವಿಕೆಯೇ ಮುಖ್ಯವಾಯಿತು. ೨೦೦೦ದಲ್ಲಿ ಪೋರ್ಷೆ ಕಾರುಗಳನ್ನೇ ವಸ್ತುವಾಗಿಟ್ಟುಕೊಂಡು, ಆ ಕಂಪನಿಯ ಐವತ್ತು ವರ್ಷಗಳ ಚರಿತ್ರೆಯನ್ನು ಆಡುತ್ತ ಆಡುತ್ತ ತಿಳಿಯುವಂತೆ ಒಂದು ಗಂಭೀರವಾದ ಆಟ ಬಂದಿತು. ಅದಾದ ಮೇಲೆ, ೨೦೦೩ರ ‘ಅಂಡರ್‌ಗ್ರೌಂಡ್’, ೨೦೦೫ರ ‘ಮೋಸ್ಟ್ ವಾಂಟೆಡ್’ ಎಂಬ ಆಟಗಳಲ್ಲಿ ಮತ್ತೆ ನಗರದ ಬೀದಿ, ಕದ್ದು ನಡೆಸುವ ಪಂದ್ಯ. ಜನ ಮುಗಿಬಿದ್ದು ಕೊಂಡರು.

ಅದೇ ಕಾಲದಲ್ಲಿ ಜಪಾನಿನಲ್ಲಿ ಬೇರೊಂದು ದಾರಿ ತೆರೆದಿತ್ತು. ಕಜುನೋರಿ ಯಮಾಉಚಿ ಎಂಬಾತ ೧೯೯೪ರಲ್ಲಿ ‘ಮೋಟಾರ್ ಟೂನ್ ಗ್ರ್ಯಾಂಡ್ ಪ್ರೀ’ ಎಂಬ, ವ್ಯಂಗ್ಯಚಿತ್ರದಂಥ ಕಾರುಗಳ ಆಟವನ್ನು ಮಾಡಿದ್ದ. ಅವನೇ ೧೯೯೭ರ ಡಿಸೆಂಬರಿನಲ್ಲಿ ‘ಗ್ರ್ಯಾನ್ ಟುರಿಸ್ಮೋ’ವನ್ನು ಹೊರತಂದ. ಅದರಲ್ಲಿ ದೊಡ್ಡ ಪಂದ್ಯಗಳಿಗೆ ಇಳಿಯುವ ಮೊದಲು ಪರೀಕ್ಷೆ ಕೊಟ್ಟು ಲೈಸೆನ್ಸು ಪಡೆಯಬೇಕು. ನೆಟ್ಟಗೆ ಓಡಿಸಿ ಗೆರೆಯ ಒಳಗೆ ನಿಲ್ಲಿಸುವುದೇ ಮೊದಲ ಪಾಠಗಳಲ್ಲೊಂದು. ಪರೀಕ್ಷೆಯೆಂದರೆ ಓಡಿಹೋಗುವ ಹುಡುಗರು ಆಟದೊಳಗೆ ಪರೀಕ್ಷೆ ಬರೆದರೆಂಬುದು ಉಪಾಧ್ಯಾಯನಾದ ನನಗೆ ಅಚ್ಚರಿಯ ಸಂಗತಿಯೇ ಸರಿ. ಒಂದು ಕೋಟಿಗೂ ಮಿಕ್ಕಿ ಪ್ರತಿಗಳು ಮಾರಾಟವಾದವು.

ಇಂಥ ಆಟದಲ್ಲಿ ‘ನಿಜ’ ಎಂದರೇನೆಂಬುದನ್ನು ಕೊಂಚ ವಿವರಿಸಬೇಕು. ಕಾರು ಎಷ್ಟೇ ದೊಡ್ಡದಾಗಲಿ, ಅದು ನೆಲವನ್ನು ಮುಟ್ಟುವುದು ನಾಲ್ಕು ಕಡೆ, ಒಂದೊಂದು ಕಡೆಯೂ ಸುಮಾರು ಒಂದು ಅಂಗೈಯಷ್ಟು ಜಾಗದಲ್ಲಿ. ಬ್ರೇಕ್ ಹಿಡಿದರೆ ಭಾರ ಮುಂದಿನ ಗಾಲಿಗಳ ಮೇಲೆ ಬೀಳುತ್ತದೆ, ಹಿಂದಿನವು ಹಗುರವಾಗುತ್ತವೆ. ವೇಗ ಹೆಚ್ಚಿಸಿದರೆ ಭಾರ ಹಿಂದಕ್ಕೆ ಸರಿಯುತ್ತದೆ. ಟೈರಿನ ಹಿಡಿತವೆಂಬುದು ತಿಂಗಳ ಸಂಬಳದ ಹಾಗೆ. ಅದನ್ನೆಲ್ಲ ಬ್ರೇಕಿಗೇ ಖರ್ಚು ಮಾಡಿದರೆ ತಿರುಗುವುದಕ್ಕೆ ಏನೂ ಉಳಿಯುವುದಿಲ್ಲ. ಎರಡಕ್ಕೂ ಸಾಲ ಮಾಡಹೋದರೆ ಕಾರು ಜಾರುತ್ತದೆ. ಈ ಲೆಕ್ಕವನ್ನು ಕಂಪ್ಯೂಟರು ಒಂದೊಂದು ಗಾಲಿಗೂ, ಸೆಕೆಂಡಿಗೆ ಅನೇಕ ಸಲ, ಬಿಡದೆ ಮಾಡುತ್ತಿದ್ದರೆ ತೆರೆಯ ಕಾರಿಗೆ ಭಾರ ಬಂದಂತಾಗುತ್ತದೆ. ಚಿತ್ರದ ಅಂದಕ್ಕಿಂತ ಈ ಲೆಕ್ಕವೇ ಮುಖ್ಯ.

ಬೀದಿಪಂದ್ಯದ ಕಥೆಗಳು ಸವೆಯುತ್ತ ಬಂದಂತೆ ‘ನೀಡ್ ಫಾರ್ ಸ್ಪೀಡ್’ ಮತ್ತೆ ತನ್ನ ಹುಟ್ಟಿನ ಹಂಬಲಕ್ಕೆ ತಿರುಗಿತು. ೨೦೦೭ರ ‘ಪ್ರೊಸ್ಟ್ರೀಟ್’ನಲ್ಲಿ ಪೊಲೀಸರೂ ಇಲ್ಲ, ಊರಬೀದಿಯ ಸಂಚಾರವೂ ಇಲ್ಲ, ಮುಚ್ಚಿದ ಪಥದಲ್ಲಿ ಪಂದ್ಯ, ಬಡಿದರೆ ಕಾರು ಜಖಂ. ೨೦೦೯ರ ಸೆಪ್ಟೆಂಬರಿನಲ್ಲಿ ‘ಷಿಫ್ಟ್’ ಬಂದಿತು. ಅದನ್ನು ಮಾಡಿದವರು ಲಂಡನ್ನಿನ ಸ್ಲೈಟ್ಲಿ ಮ್ಯಾಡ್ ಸ್ಟುಡಿಯೋಸ್ ಎಂಬವರು; ನಿಜಸಾದೃಶ್ಯದ ಆಟಗಳಲ್ಲಿ ಮೊದಲೇ ಪಳಗಿದ ಕೈಗಳು. ಬೆಲ್ಜಿಯಮ್ಮಿನ ಸ್ಪಾ, ಅಮೆರಿಕದ ಲಗೂನಾ ಸೆಕಾ, ಜರ್ಮನಿಯ ನ್ಯೂರ್‌ಬರ್ಗ್‌ರಿಂಗ್ ಮುಂತಾದ ನಿಜವಾದ ಪಥಗಳನ್ನು ಅದರಲ್ಲಿ ತಂದರು. ಆಡುವವನು ಚಾಲಕನ ಆಸನದಲ್ಲೇ ಕುಳಿತಂತೆ ನೋಡಬಹುದು. ಬ್ರೇಕ್ ಹಾಕಿದರೆ ತಲೆ ಮುಂದಕ್ಕೆ ವಾಲಿದಂತೆ ನೋಟ ವಾಲುತ್ತದೆ. ಬಲವಾಗಿ ಬಡಿದರೆ ಕಣ್ಣು ಮಂಜಾಗಿ ಬಣ್ಣಗಳೇ ಅಡಗುತ್ತವೆ.

ಈ ಆಟವನ್ನು ನನ್ನ ಅಕ್ಕನ ಮಗ ಆಡುವಾಗ ಪಕ್ಕದಲ್ಲಿ ಕುಳಿತು ನೋಡಿದ್ದೇನೆ. ಹಳೆಯ ಆಟಗಳಲ್ಲಿ ಶೂರನಾಗಿದ್ದವನು ಇಲ್ಲಿ ಮೊದಲ ತಿರುವಿನಲ್ಲೇ ಹುಲ್ಲಿಗೆ ಬಿದ್ದ. ಹತ್ತಾರು ಸಲ ಬಿದ್ದೆದ್ದ ಮೇಲೆ, “ತಿರುವಿಗೆ ಮುಂಚೆಯೇ ಬ್ರೇಕ್ ಹಿಡಿದು ಮುಗಿಸಬೇಕು, ಮಾವ, ತಿರುಗುತ್ತಾ ಹಿಡಿದರೆ ಅದು ಮಾತು ಕೇಳೋದಿಲ್ಲ” ಎಂದ. ಅವನಿಗೆ ಹಿರಿಯರು ಹತ್ತು ಸಲ ಹೇಳಿದ್ದ ಮಾತು. ಕಾರೇ ಹೇಳಿದಾಗ ಕಿವಿಗೆ ಬಿದ್ದಿತು.

ಆದರೂ ‘ಷಿಫ್ಟ್’ ಪೂರ್ತಿಯಾಗಿ ಮನಸ್ಸು ಮಾಡಿರಲಿಲ್ಲ. ಅಚ್ಚುಕಟ್ಟಾಗಿ ಓಡಿಸಿದವನಿಗೂ ಅಂಕ, ಪಕ್ಕದವನನ್ನು ಗುದ್ದಿ ಮುನ್ನುಗ್ಗಿದವನಿಗೂ ಅಂಕ. ಎರಡು ಖಾತೆಗಳನ್ನೂ ಅದು ಬೇರೆ ಬೇರೆ ಇಟ್ಟಿತ್ತು. ಕಂಪನಿಯ ಧೋರಣೆಯೂ ಹಾಗೆಯೇ. ೨೦೧೦ರಲ್ಲಿ ಇನ್ನೊಂದು ಸ್ಟುಡಿಯೋದಿಂದ ಪೊಲೀಸು ಬೆನ್ನಟ್ಟುವ ‘ಹಾಟ್ ಪರ್ಸ್ಯೂಟ್’ ಬಂದಿತು. ೨೦೧೧ರಲ್ಲಿ ‘ಷಿಫ್ಟ್’ನ ಎರಡನೆಯ ಭಾಗ. ಅಲ್ಲಿಗೆ ಆ ಕವಲು ನಿಂತಿತು. ಲಂಡನ್ನಿನವರು ಬೇರೆಯಾಗಿ, ಆಡುವವರಿಂದಲೇ ಹಣ ಕೂಡಿಸಿ, ೨೦೧೫ರಲ್ಲಿ ‘ಪ್ರಾಜೆಕ್ಟ್ ಕಾರ್ಸ್’ ಎಂಬ ತಮ್ಮದೇ ಆಟವನ್ನು ಹೊರತಂದರು. ೨೦೧೯ರಲ್ಲಿ ಅವರನ್ನು ಕೋಡ್‌ಮಾಸ್ಟರ್ಸ್ ಕೊಂಡಿತು. ೨೦೨೧ರಲ್ಲಿ ಕೋಡ್‌ಮಾಸ್ಟರ್ಸನ್ನು ಎಲೆಕ್ಟ್ರಾನಿಕ್ ಆರ್ಟ್ಸ್ ಕೊಂಡಿತು. ಬಿಟ್ಟುಹೋದವರು ಹಳೆಯ ಮನೆಗೇ ಬಂದಂತಾಯಿತು. ಆದರೆ ೨೦೨೨ರಲ್ಲಿ ಅವರ ಆ ಮಾಲೆಯನ್ನು ನಿಲ್ಲಿಸಲಾಯಿತು. ಅದೇ ವರ್ಷ ಬಂದ ‘ನೀಡ್ ಫಾರ್ ಸ್ಪೀಡ್ ಅನ್‌ಬೌಂಡ್’ನಲ್ಲಿ ಕಾರಿನ ಸುತ್ತ ಹೊಗೆಯೂ ಕಿಡಿಯೂ ಕೈಯಲ್ಲಿ ಬಿಡಿಸಿದ ಚಿತ್ರದಂತೆ ಏಳುತ್ತವೆ. ನಾಟ್ಯಧರ್ಮಿಯೇ ಮರಳಿ ಬಂದಿತೆನ್ನಬೇಕು.

ಹಾಗಾದರೆ ನಿಜಸಾದೃಶ್ಯದ ಪ್ರಯತ್ನ ವ್ಯರ್ಥವಾಯಿತೆ? ಆಗಲಿಲ್ಲವೆಂಬುದಕ್ಕೆ ಸಾಕ್ಷಿ ಇದೆ. ೨೦೦೮ರಲ್ಲಿ ‘ಗ್ರ್ಯಾನ್ ಟುರಿಸ್ಮೋ’ ಆಟಗಾರರಿಗಾಗಿ ಒಂದು ಸ್ಪರ್ಧೆ ನಡೆಸಿ, ಗೆದ್ದವರನ್ನು ನಿಜವಾದ ಪಂದ್ಯಕ್ಕೆ ತರಬೇತು ಮಾಡುವ ಏರ್ಪಾಡು ಹೊರಟಿತು. ಸ್ಪೇನಿನ ಲೂಕಾಸ್ ಓರ್ಡೊನೆಸ್ ಮೊದಲು ಗೆದ್ದವನು. ೨೦೧೧ರಲ್ಲಿ ಫ್ರಾನ್ಸಿನ ಲ ಮಾನ್ಸ್ ೨೪ ಗಂಟೆಗಳ ಪಂದ್ಯದಲ್ಲಿ ಅವನ ತಂಡ ತನ್ನ ವರ್ಗದಲ್ಲಿ ಎರಡನೆಯದಾಯಿತು. ಅದೇ ವರ್ಷ ಸ್ಪರ್ಧೆ ಗೆದ್ದ ಬ್ರಿಟನ್ನಿನ ಯಾನ್ ಮಾರ್ಡನ್‌ಬರೋ ೨೦೧೩ರಲ್ಲಿ ಲ ಮಾನ್ಸ್‌ನಲ್ಲಿ ತನ್ನ ವರ್ಗದ ಮೂರನೆಯ ಸ್ಥಾನವನ್ನು ಹಂಚಿಕೊಂಡ. ಚಿತ್ರದ ಕುದುರೆಯ ಮೇಲೆ ಸವಾರಿ ಕಲಿತವರು ನಿಜವಾದ ಕುದುರೆ ಏರಿದರು.

ಕಥೆಯನ್ನು ಇಲ್ಲಿಗೇ ನಿಲ್ಲಿಸಿದರೆ ಚೆನ್ನಾಗಿರುತ್ತದೆ. ಆದರೆ ಚರಿತ್ರೆ ಇಲ್ಲಿ ನಿಲ್ಲುವುದಿಲ್ಲ. ೨೦೧೫ರ ಮಾರ್ಚಿಯಲ್ಲಿ, ನ್ಯೂರ್‌ಬರ್ಗ್‌ರಿಂಗಿನ ಒಂದು ದಿಬ್ಬವನ್ನು ಹತ್ತಿ ಇಳಿಯುವಾಗ ಮಾರ್ಡನ್‌ಬರೋನ ಕಾರಿನ ಮೂತಿ ಗಾಳಿಗೆ ಎದ್ದು, ಕಾರು ಬೇಲಿಯನ್ನು ದಾಟಿ ಬಿದ್ದು, ಪ್ರೇಕ್ಷಕರಲ್ಲಿ ಒಬ್ಬರು ಸತ್ತರು. ಆ ಪಥದಲ್ಲಿ ಆಮೇಲೆ ಕೆಲವೆಡೆ ವೇಗಕ್ಕೆ ಮಿತಿ ಹಾಕಿ, ಮುಂದೆ ಅಲ್ಲಿನ ಉಬ್ಬುಗಳನ್ನೇ ತಗ್ಗಿಸಿದರು. ನಾನು ಯಾರನ್ನೂ ದೂರುತ್ತಿಲ್ಲ. ಅದೇ ಪಥ ಆಟದಲ್ಲಿಯೂ ಇದೆ, ಅದೇ ದಿಬ್ಬ ಇದೆ. ಬೇಲಿಯ ಆಚೆ ನಿಂತವರು ಮಾತ್ರ ಅಲ್ಲಿ ಬಣ್ಣದ ಚುಕ್ಕೆಗಳು.

ಶಂಕುಕನೆಂಬ ಆಲಂಕಾರಿಕ ‘ಚಿತ್ರತುರಗ’ವೆಂಬ ದೃಷ್ಟಾಂತವನ್ನು ಕೊಟ್ಟ. ಚಿತ್ರದಲ್ಲಿನ ಕುದುರೆಯನ್ನು ಕಂಡು ‘ಇದು ಕುದುರೆ’ ಎನ್ನುತ್ತೇವೆ. ಆ ಅರಿವು ನಿಜವೂ ಅಲ್ಲ, ಸುಳ್ಳೂ ಅಲ್ಲ, ಸಂಶಯವೂ ಅಲ್ಲ, ಬರಿಯ ಹೋಲಿಕೆಯ ಅರಿವೂ ಅಲ್ಲ ಎಂದು ಅವನ ಮತ. ಅಭಿನವಗುಪ್ತನಿಗೂ ಅವನ ಗುರುವಾದ ಭಟ್ಟತೌತನಿಗೂ ಇದು ಒಪ್ಪಿಗೆಯಾಗಲಿಲ್ಲ. ರಸ ಹುಟ್ಟುವುದು ಅನುಕರಣೆಯಿಂದಲ್ಲ ಎಂದು ಅವರು ವಾದಿಸಿದರು. ರಸದ ಮಾತು ಹೇಗಾದರೂ ಇರಲಿ, ಶಿಕ್ಷಣದ ಮಾತಿನಲ್ಲಿ ನಾನು ಲೋಕಧರ್ಮಿಯ ಪಕ್ಷ. ಗೋಡೆ ಮೆತ್ತಗಿದೆಯೆಂದು ಹೇಳುವ ಆಟಕ್ಕಿಂತ ಗೋಡೆ ಗಟ್ಟಿ ಎಂದು ಹೇಳುವ ಆಟ ಮೇಲು. ಆದರೆ ಕುದುರೆಯ ಚಿತ್ರ ಚೆನ್ನಾಗಿ ಬಂದಷ್ಟೂ ಅದು ಚಿತ್ರವೆಂಬುದನ್ನು ಮರೆಯುವುದು ಸುಲಭ. ಟೈರಿನ ಲೆಕ್ಕವನ್ನು ಯಂತ್ರ ಕಲಿಸಲಿ. ಬೇಲಿಯ ಆಚೆ ನಿಂತವನ ಲೆಕ್ಕವನ್ನು ಹುಡುಗರಿಗೆ ಹೇಳಿಕೊಡುವ ಕೆಲಸ ಮಾತ್ರ ಮನೆಯವರಾದ ನಮ್ಮದಾಗಿಯೇ ಉಳಿದಿದೆ.